ಟಿಕೆಟ್ಟಿನ ಬೆನ್ನ ಮೇಲೆ

ಶ್ರೀರಾಮಪುರದ ಹಿಟ್ಟಿನ ಗಿರಣಿಯ ಮೇಲೆ
ಒಂದು ಉದ್ದನೆಯ ಕೋಣೆ.
ಬೆಳಗ್ಗೆ ಏಳಕ್ಕೆ ಇಪ್ಪತ್ತು ಜನ ಚಾಪೆ ಹಾಸಿ
ಕಾಲಿಗೆ ಕಾಲು ಹೆಣೆದು ಕೂರುತ್ತಾರೆ,
ತೊಳೆದು ಬೋರಲು ಹಾಕಿದ ಪಾತ್ರೆಗಳ ಹಾಗೆ.

ನಾನು ಹಿಂದೆ, ಬಾಗಿಲ ಪಕ್ಕ,
ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ.
ಅದರ ಬೆನ್ನಿಗೆ ಯಾವುದೋ ಶಾಮಿಯಾನದವರು
ಬಿಳಿ ಪೇಂಟಿನಲ್ಲಿ ಬರೆಸಿದ ಇನಿಷಿಯಲ್ಲು.
ಎಷ್ಟು ಮದುವೆ, ಎಷ್ಟು ತಿಥಿ,
ವಾರ್ಡಿನ ಎಷ್ಟು ಭಾಷಣ ಹೊತ್ತಿತ್ತೋ,
ವಾಪಸು ಹೋಗುವುದು ಮರೆತು ಇಲ್ಲೇ ಉಳಿದಿದೆ.
ಒಂದು ಕಾಲು ಗಿಡ್ಡ.
ಪರ್ಸಿನಲ್ಲಿ ಸಿಕ್ಕ ಹಳೆ ಟಿಕೆಟ್ಟು
ನಾಲ್ಕು ಮಡಿಕೆ ಮಾಡಿ ಅಡಿಗಿಟ್ಟೆ. ನೆಟ್ಟಗಾಯಿತು.
ನನ್ನ ಎಡಗಾಲಿಗೆ ಅಷ್ಟು ಸುಲಭದ ಉಪಾಯ
ಯಾವ ಡಾಕ್ಟರಿಗೂ ಹೊಳೆಯಲಿಲ್ಲ.

"ಗಂಗಲಕ್ಷ್ಮಮ್ಮಾ, ನೆಲದ ಮೇಲೆ ಕೂತರೆ
ಶಕ್ತಿ ಭೂಮಿಯಿಂದ ಮೇಲೇರುತ್ತೆ"
ಅಂತಾರೆ ಮುಂದಿನ ಸಾಲಿನ ವರದರಾಜಯ್ಯ,
ಪಾಪ, ನಾನು ಕೇಳದಿದ್ದರೂ.
ಮಂಡಿಯಲ್ಲಿ ಎರಡು ಪ್ಲೇಟು, ಏಳು ಸ್ಕ್ರೂ.
ಸೀರೆಯೊಳಗಿದ್ದದ್ದು ಯಾರಿಗೆ ಕಾಣುತ್ತೆ?
ಶಕ್ತಿ ನನಗೂ ಕೆಳಗಿನಿಂದಲೇ ಬರೋದು ಸ್ವಾಮೀ:
ಏಳೂಕಾಲಿಗೆ ರಾಗಿ ಬೀಸಲು ಶುರು,
ನೆಲ ಅದುರಿ, ಕುರ್ಚಿಯ ಕಾಲುಗಳನ್ನು ಹತ್ತಿ,
ಸ್ಕ್ರೂಗಳವರೆಗೂ ಬಂದು ಝುಂ ಅನ್ನುತ್ತೆ.

ಥೇಟು ಬಸ್ಸು.

ಇಪ್ಪತ್ತೆರಡು ವರ್ಷ ನಿಂತೇ ಇದ್ದೆ,
ಮೆಜೆಸ್ಟಿಕ್ಕಿನಿಂದ ಕೆಂಗೇರಿ, ಕೆಂಗೇರಿಯಿಂದ ಮೆಜೆಸ್ಟಿಕ್ಕು.
ಕಂಡಕ್ಟರ್ ಸೀಟು ಅಂತ ಒಂದಿತ್ತು;
ಅದರ ಮೇಲೆ ಯಾರದೋ ಮಗು, ಯಾರದೋ ಸೊಪ್ಪಿನ ಚೀಲ.
ನಾಯಂಡಹಳ್ಳಿಯ ಒಂದು ಬ್ರೇಕಿಗೆ ಫುಟ್‌ಬೋರ್ಡು ತಪ್ಪಿತು.
ಅವತ್ತಿನಿಂದ ತುಂಬ ಹೊತ್ತು ನಿಲ್ಲುವ ಹಾಗಿಲ್ಲ,
ಕೆಳಗೆ ಕೂರುವ ಹಾಗೂ ಇಲ್ಲ.
ಎರಡರ ನಡುವೆ ಹದಿನೆಂಟು ಇಂಚಿನ ಒಂದು ಎತ್ತರ,
ಅಲ್ಲಿ ನಾನು.

ಉಸಿರು ನೋಡಿ, ಅಂತಾರೆ ಟೀಚರು.
ನೋಡುತ್ತೇನೆ. ಹತ್ತುತ್ತೆ, ಇಳಿಯುತ್ತೆ.
ಯೋಚನೆಗಳು ಬಾಗಿಲಲ್ಲೇ ಜೋತುಬೀಳುತ್ತವೆ.
ಒಳಗೆ ಹೋಗ್ರೀ, ಜಾಗ ಇದೆ,
ಗಂಟಲಿಗೆ ಬಂದದ್ದನ್ನು ನುಂಗುತ್ತೇನೆ.

ಇವತ್ತು ಹತ್ತಿದವನು ಒಬ್ಬ ಹುಡುಗ.
ಯಾವ ವರ್ಷವೋ, ಸಂಜೆಯ ರಷ್ಷು,
ಅಂಗವಿಕಲರ ಸೀಟಿನಲ್ಲಿ ಕೂತಿದ್ದ.
ಇಸ್ತ್ರಿ ಮುರಿಯದ ಪ್ಯಾಂಟು, ಗಟ್ಟಿಮುಟ್ಟು ತೋಳು.
"ಏಳಪ್ಪಾ ಮೇಲೆ, ಬೋರ್ಡು ಕಾಣಲ್ವಾ?"
ಇಡೀ ಬಸ್ಸಿಗೆ ಕೇಳುವ ಹಾಗೆ ಅಂದೆ.
ಎದ್ದ. ಏನೂ ಅನ್ನಲಿಲ್ಲ.
ರಾಜರಾಜೇಶ್ವರಿ ನಗರದ ಆರ್ಚಿನವರೆಗೂ
ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತ.
ಇಳಿಯುವಾಗ ಪ್ಯಾಂಟು ಒಂದು ಗೇಣು ಮೇಲೇರಿತು:
ಶೂವಿಗೂ ಮಂಡಿಗೂ ನಡುವೆ
ಚರ್ಮದ ಬಣ್ಣ ಇತ್ತು,
ಚರ್ಮ ಇರಲಿಲ್ಲ.
ನಾನು ವಿಷಲ್ ಊದಿದೆ.
ರೈಟ್, ರೈಟ್.

ಅವನಿಗೆ ಮೂರು ರೂಪಾಯಿ ಬಾಕಿ ಇತ್ತು.
ಟಿಕೆಟ್ಟಿನ ಬೆನ್ನ ಮೇಲೆ ಬರೆದುಕೊಟ್ಟಿದ್ದೆ,
ಮೂರು, ಅದರ ಸುತ್ತ ಒಂದು ಸೊನ್ನೆ.
ಕೇಳದೆ ಇಳಿದಿದ್ದ.

ಕಣ್ಣು ತೆರೆಯಬಾರದು. ತೆರೆಯಲಿಲ್ಲ.
ಕ್ಷಮಿಸು ಅನ್ನುವುದು ಐನೂರರ ನೋಟು;
ಮೂರು ರೂಪಾಯಿಯ ಬಾಕಿಗೆ
ಅದನ್ನು ಎಲ್ಲಿ ಮುರಿಸಲಿ?
ಅದಕ್ಕೇ, ಒಳಗೊಳಗೇ, ಒಬ್ಬನಿಗೇ ಕೇಳುವಷ್ಟು ಮೆಲ್ಲಗೆ,
ಕೂತ್ಕೋಪ್ಪಾ, ಅಂದೆ.

ಕೂತನೋ ಇಲ್ಲವೋ.
ಕೆಳಗೆ ಯಾರದೋ ರಾಗಿ ಮುಗಿದು ಗಿರಣಿ ನಿಂತಿತು.
ಕುರ್ಚಿ ಸುಮ್ಮನಾಯಿತು,
ಸ್ಕ್ರೂಗಳು ಇನ್ನೂ ಒಂದು ಸ್ಟಾಪು ಓಡಿದವು.

ಚಾಪೆ ಸುತ್ತುವ ಹೊತ್ತಿಗೆ
ವರದರಾಜಯ್ಯನವರ ಕಾಲು ಜೋಮು ಹಿಡಿದಿದೆ.
ಗೋಡೆ ಹಿಡಿದು, ಒಂದು ಕಾಲಲ್ಲಿ,
ಎಲ್ಲೆಲ್ಲೋ ನೋಡಿ ಕೊನೆಗೆ ನನ್ನ ಕುರ್ಚಿ ನೋಡಿದರು.
ಬನ್ನಿ, ಕೂತ್ಕೊಳ್ಳಿ, ಅಂದೆ.
ಸ್ವಲ್ಪ ತಾಳಿ ಮಾತ್ರ.
ಏಳೋದಕ್ಕೆ ನನಗೆ ಹೊತ್ತು ಹಿಡಿಯುತ್ತೆ.